ಗೋಡೆಯಲ್ಲಿ ಸರ್ಟಿಫಿಕೇಟು, ಗಲ್ಲಾದಲ್ಲಿ ಇನ್ಯಾರೋ

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿರಲಿ, ಶಿಡ್ಲಘಟ್ಟದ ಬಸ್ ನಿಲ್ದಾಣದ ಬದಿಯಲ್ಲಿರಲಿ, ಮೆಡಿಕಲ್ ಸ್ಟೋರ್ ಎಂದಮೇಲೆ ಅದರ ಒಳಗೋಡೆಯಲ್ಲಿ ಫ್ರೇಮು ಹಾಕಿದ ಎರಡು ಕಾಗದ ಕಾಣಬೇಕು. ಒಂದು, ಔಷಧ ನಿಯಂತ್ರಣ ಇಲಾಖೆ ಅಂಗಡಿಗೆ ಕೊಟ್ಟ ಲೈಸೆನ್ಸು. ಇನ್ನೊಂದು, ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತು ಒಬ್ಬ ವ್ಯಕ್ತಿಗೆ ಕೊಟ್ಟ ನೋಂದಣಿ ಪ್ರಮಾಣಪತ್ರ. ಮೊದಲನೆಯದು ಔಷಧ ಮಾರಲು ಅನುಮತಿ, ಎರಡನೆಯದು ಚೀಟಿ ಓದಿ ಔಷಧ ಕೊಡಲು ಅರ್ಹತೆ. ಗಿರಾಕಿಯ ಕಣ್ಣಿಗೆ ಎರಡೂ ಒಂದೇ ಥರ ಕಂಡರೂ ಕಾನೂನಿಗೆ ಅವು ಬೇರೆ ಬೇರೆ. ಅಂಗಡಿ ತಪ್ಪು ಮಾಡಿದರೆ ಲೈಸೆನ್ಸಿಗೆ ಕುತ್ತು, ಫಾರ್ಮಸಿಸ್ಟ್ ತಪ್ಪು ಮಾಡಿದರೆ ರಿಜಿಸ್ಟರಿನಲ್ಲಿರುವ ಅವರ ಹೆಸರಿಗೆ ಕುತ್ತು.

ಮೊದಲ ಬಗೆಯ ಸುದ್ದಿ ಜಿಲ್ಲಾ ಪುಟದಲ್ಲಿ ಆಗಾಗ ಬರುತ್ತದೆ: ಇಂತಿಷ್ಟು ಅಂಗಡಿಗಳ ತಪಾಸಣೆ, ಕೆಲವಕ್ಕೆ ನೋಟಿಸ್, ಕೆಲವರ ಲೈಸೆನ್ಸ್ ಅಮಾನತು. ಎರಡನೆಯ ಬಗೆಯ ಸುದ್ದಿ, ಅಂದರೆ ದುರ್ನಡತೆಗಾಗಿ ಇಂಥ ಫಾರ್ಮಸಿಸ್ಟರ ಹೆಸರನ್ನು ರಿಜಿಸ್ಟರಿನಿಂದ ತೆಗೆಯಲಾಯಿತು ಎಂಬುದನ್ನು ಓದಿದ ನೆನಪು ಎಷ್ಟು ಜನಕ್ಕಿದೆ? ಹತ್ತು ದಿನ ಷಟರ್ ಎಳೆಸಿದ ಕೂಡಲೇ ಶಿಕ್ಷೆಯಾಯಿತು ಅಂದುಕೊಳ್ಳುತ್ತೇವೆ. ಅಂಗಡಿಯೇನೋ ಮತ್ತೆ ತೆರೆಯುತ್ತದೆ. ಅದಕ್ಕೆ ಹೆಸರು ಕೊಟ್ಟವರು ಎಲ್ಲಿದ್ದರೋ ಅಲ್ಲೇ ಇರುತ್ತಾರೆ.

ಸಂತೆಗೆ ಬಂದವರ ಮಂಡಿನೋವು

ನಮ್ಮ ಜಿಲ್ಲೆಯಲ್ಲಿ ಇದು ಬರೀ ಕಾಗದದ ವಿಚಾರವಲ್ಲ. ಬಾಗೇಪಲ್ಲಿ, ಗೌರಿಬಿದನೂರು, ಚಿಂತಾಮಣಿ ಸೀಮೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ವರ್ಷಗಟ್ಟಲೆ ಅದೇ ನೀರು ಕುಡಿದವರಿಗೆ ಮಂಡಿ, ಸೊಂಟ, ಬೆನ್ನು ಹಿಡಿದುಕೊಳ್ಳುತ್ತದೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರು ಕುದಿನೀರಿನ ಹಬೆ ಮತ್ತು ಬೆಂದ ಹುಳುವಿನ ವಾಸನೆಯ ನಡುವೆ ದಿನವಿಡೀ ದುಡಿಯುತ್ತಾರೆ. ಅವರಿಗೆ ಉಬ್ಬಸ, ಕೈಚರ್ಮದ ತೊಂದರೆ. ಡಾಕ್ಟರ ಹತ್ತಿರ ಹೋದರೆ ಅವತ್ತಿನ ಕೂಲಿ ಹೋಯಿತು. ಮೆಡಿಕಲ್ ಸ್ಟೋರಿನಲ್ಲಾದರೆ ಎರಡು ನಿಮಿಷದ ಕೆಲಸ.

"ಹೋದ್ಸಲ ಮಂಡಿನೋವಿಗೆ ಕೊಟ್ಟಿದ್ಯಲ್ಲಪ್ಪಾ, ಅದೇ ಕೊಡು."

"ಎಷ್ಟು ದಿನಕ್ಕಮ್ಮಾ?"

"ಮುಂದಿನ ಸಂತೆವರೆಗೆ ಬರಲಿ."

ಕತ್ತರಿ ಆಡುತ್ತದೆ. ಸ್ಟ್ರಿಪ್‌ನಿಂದ ಕತ್ತರಿಸಿದ ಡೈಕ್ಲೋಫೆನಾಕ್, ಜೊತೆಗೆ ಒಂದು ಸಣ್ಣ ಬಿಳಿ ಸ್ಟಿರಾಯ್ಡ್ ಮಾತ್ರೆ, ಹೊಟ್ಟೆ ಉರಿಯದಿರಲಿ ಅಂತ ಮೂರನೆಯದು. ಮೂರನ್ನೂ ಸೇರಿಸಿ ಕಟ್ಟಿದ ಪೊಟ್ಟಣ. ಬಿಲ್ ಇಲ್ಲ, ಅಜ್ಜಿ ಕೇಳುವುದೂ ಇಲ್ಲ. ಸಂಜೆಯೊಳಗೆ ನೋವು ಇಳಿಯುತ್ತದೆ, ಹಾಗಾಗಿ ಅಂಗಡಿಯವರಿಗೆ ಒಳ್ಳೇ ಹೆಸರು. ತಿಂಗಳುಗಟ್ಟಲೆ ನುಂಗಿದ ನೋವಿನ ಮಾತ್ರೆ ಮೂತ್ರಪಿಂಡಕ್ಕೂ ಹೊಟ್ಟೆಗೂ ಮಾಡುವ ಹಾನಿ, ಸ್ಟಿರಾಯ್ಡ್‌ನಿಂದ ಏರುವ ಸಕ್ಕರೆ, ಸವೆಯುವ ಮೂಳೆ ಇವೆಲ್ಲ ಲೆಕ್ಕಕ್ಕೆ ಬರುವ ಹೊತ್ತಿಗೆ ಆ ಪೊಟ್ಟಣ ಯಾರಿಗೂ ನೆನಪಿರುವುದಿಲ್ಲ.

ಡೈಕ್ಲೋಫೆನಾಕ್, ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್ ಮೂರೂ ಶೆಡ್ಯೂಲ್ ಎಚ್ ಪಟ್ಟಿಯ ಔಷಧಗಳು. ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಇಂಥ ಪ್ಯಾಕಿನ ಎಡತುದಿಯಲ್ಲಿ ಆರ್‌ಎಕ್ಸ್ ಗುರುತೂ ಎಚ್ಚರಿಕೆಯ ಸಾಲೂ ಇರುತ್ತವೆ. ಇನ್ನೂ ಬಿಗಿಯಾದದ್ದು ಎಚ್1 ಪಟ್ಟಿ. ಆ್ಯಂಟಿಬಯಾಟಿಕ್‌ಗಳು ಕೆಲಸ ಮಾಡದಂತಾಗುತ್ತಿವೆ ಎಂಬ ಆತಂಕದಿಂದ 2013ರಲ್ಲಿ ಮಾಡಿ, 2014ರ ಮಾರ್ಚ್ 1ರಿಂದ ಜಾರಿಗೆ ತಂದ ಪಟ್ಟಿ ಇದು. ಇದರಲ್ಲಿರುವ ಔಷಧ ಕೊಟ್ಟರೆ ಚೀಟಿ ಬರೆದ ಡಾಕ್ಟರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟ್ ಖುದ್ದಾಗಿ ಅಥವಾ ಅವರ ಕಣ್ಣೆದುರಿನ ಮೇಲ್ವಿಚಾರಣೆಯಲ್ಲೇ ಕೊಡಬೇಕು ಎನ್ನುತ್ತದೆ 1945ರ ಔಷಧ ನಿಯಮಾವಳಿಯ 65ನೇ ನಿಯಮ. ಬಿಲ್ಲಿನ ಮೇಲೆ ಬ್ಯಾಚ್ ನಂಬರಿನ ಜೊತೆಗೆ ಅವರ ಸಹಿಯನ್ನೂ ಅದೇ ನಿಯಮ ಕೇಳುತ್ತದೆ.

ಕೌಂಟರಿನ ಹುಡುಗನನ್ನು ಬೈದು ಪ್ರಯೋಜನವಿಲ್ಲ. ಯಾವ ಮಾತ್ರೆ ಯಾವ ಗೂಡಿನಲ್ಲಿದೆ ಅಂತ ಅವನಿಗೆ ಕಣ್ಣು ಮುಚ್ಚಿಕೊಂಡೂ ಗೊತ್ತು. ಯಾವುದನ್ನು ಯಾಕೆ ಕೊಡಬಾರದು ಎಂಬುದನ್ನು ಮಾತ್ರ ಯಾರೂ ಹೇಳಿಕೊಟ್ಟಿಲ್ಲ. ಹೇಳಿಕೊಡಬೇಕಾದವರ ಹೆಸರು ಗೋಡೆಯ ಮೇಲಿದೆ. ಎಲ್ಲ ಅಂಗಡಿಗಳೂ ಹೀಗಲ್ಲ. ಬೆಳಗಿನಿಂದ ರಾತ್ರಿವರೆಗೆ ಗಲ್ಲಾದ ಹಿಂದೆ ನಿಂತು, ಅರ್ಥವಾಗದ ಕೈಬರಹಕ್ಕೆ ಡಾಕ್ಟರಿಗೇ ಫೋನ್ ಮಾಡಿ ಕೇಳುವ ಫಾರ್ಮಸಿಸ್ಟರು ಈ ಊರುಗಳಲ್ಲೇ ಇದ್ದಾರೆ. ಬೇರೆಯವರ ಸರ್ಟಿಫಿಕೇಟನ್ನು ತಿಂಗಳ ಬಾಡಿಗೆಗೆ ಪಡೆದು ನಡೆಸುವ ಅಂಗಡಿಯಿಂದ ಮೊದಲು ನಷ್ಟವಾಗುವುದು ಇವರಿಗೇ. ಇವರು "ಚೀಟಿ ತಗೊಂಡು ಬಾಮ್ಮಾ" ಅಂದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾರೆ.

ಕೈತಪ್ಪೇ ಬೇರೆ, ದುರ್ನಡತೆಯೇ ಬೇರೆ

"ಇಪ್ಪತ್ತು ವರ್ಷದಿಂದ ಮಾತ್ರೆ ಕೊಡ್ತಾ ಇದೀನಿ ಸಾರ್, ಎರಡು ವರ್ಷ ಡಿ ಫಾರ್ಮಾ ಓದಿದೋರು ನಂಗಿಂತ ಹೆಚ್ಚೇನು ಹೇಳ್ತಾರೆ?" ಎಂಬ ಮಾಲೀಕರ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಅನುಭವಕ್ಕೆ ಬೆಲೆ ಇದ್ದೇ ಇದೆ. ಆದರೆ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯನ್ನು ನೋಡಿ. ಸಂಧಿವಾತಕ್ಕೆ ಅದನ್ನು ವಾರಕ್ಕೆ ಒಂದೇ ದಿನ ನುಂಗಬೇಕು. ಬೆಂಗಳೂರಿನ ಆಸ್ಪತ್ರೆಯ ಡಾಕ್ಟರು ಹಾಗೆಂದೇ ಬರೆದಿರುತ್ತಾರೆ, ಜೊತೆಗೆ ಫೋಲಿಕ್ ಆಸಿಡ್ ಮಾತ್ರೆಯನ್ನೂ ಬರೆದಿರುತ್ತಾರೆ. ಎರಡೂ ಸಣ್ಣವು, ಬಹಳ ಸಲ ಬಣ್ಣವೂ ಒಂದೇ, ಹಳದಿ. ಕೌಂಟರಿನಲ್ಲಿ "ದಿನಕ್ಕೊಂದು" ಎಂದು ಹೇಳಿಬಿಟ್ಟರೆ ಕೆಲವೇ ದಿನದಲ್ಲಿ ಬಾಯಿ ತುಂಬ ಹುಣ್ಣು, ರಕ್ತಕಣಗಳ ಕುಸಿತ, ಜೀವಕ್ಕೇ ಅಪಾಯ. ವಾರಕ್ಕೊಮ್ಮೆ ನುಂಗಬೇಕಾದ ಇದನ್ನು ದಿನಾ ನುಂಗಿ ಸತ್ತವರ ವರದಿಗಳು ಹಲವು ದೇಶಗಳಿಂದ ಬಂದಿವೆ. ಇದು ರೂಢಿಯಿಂದ ಬರುವ ತಿಳಿವಳಿಕೆಯಲ್ಲ, ಓದಿನಿಂದ ಬರುವುದು.

ಇಂಥದೊಂದು ಅನಾಹುತ ಆಯಿತು ಎಂದುಕೊಳ್ಳಿ. ಫಾರ್ಮಸಿಸ್ಟ್ ಅಂಗಡಿಯಲ್ಲೇ ಇದ್ದು, ಚೀಟಿ ಓದಿ, ಜನಜಂಗುಳಿಯಲ್ಲಿ ಎರಡು ಪೊಟ್ಟಣ ಅದಲುಬದಲು ಮಾಡಿದ್ದರೆ ಅದು ಕೈತಪ್ಪು. ನಷ್ಟಕ್ಕೆ ಪರಿಹಾರ ಕೊಡಬೇಕಾಗಬಹುದು, ಹಾಗೆಂದು ಅವರು ವೃತ್ತಿಗೇ ನಾಲಾಯಕ್ಕೆನ್ನಲಾಗದು. ಚೀಟಿಯನ್ನೇ ಕೇಳದೆ ತಿಂಗಳಾನುಗಟ್ಟಲೆ ಕೊಡುತ್ತಾ ಬಂದಿದ್ದರೆ ಅದು ದುರ್ನಡತೆ. ಫಾರ್ಮಸಿಸ್ಟ್ ಅಂಗಡಿಯಲ್ಲೇ ಇಲ್ಲದೆ, ಹೆಸರನ್ನು ತಿಂಗಳಿಗಿಷ್ಟು ಎಂದು ಮಾಲೀಕರಿಗೆ ಬಿಟ್ಟುಕೊಟ್ಟು ತಾನು ಬೇರೆಲ್ಲೋ ಕೆಲಸಕ್ಕಿದ್ದರೆ, ಅನಾಹುತ ಆಗುವುದಕ್ಕೆ ಮುಂಚೆಯೇ ದುರ್ನಡತೆ ಆಗಿಹೋಗಿದೆ.

ಇಂಗ್ಲೆಂಡಿನಲ್ಲಿ ಈ ಗೆರೆ ಎಳೆಯಲು ಬಹಳ ವರ್ಷ ಬೇಕಾಯಿತು. 2007ರಲ್ಲಿ ಅಲ್ಲಿನ ಒಬ್ಬ ಫಾರ್ಮಸಿಸ್ಟ್ ಪ್ರೆಡ್ನಿಸೊಲೋನ್ ಬದಲು ಪ್ರೊಪ್ರನೊಲಾಲ್ ಕೊಟ್ಟುಬಿಟ್ಟರು. 2009ರಲ್ಲಿ ನ್ಯಾಯಾಲಯ ಅಮಾನತಿನಲ್ಲಿಟ್ಟ ಜೈಲುಶಿಕ್ಷೆ ವಿಧಿಸಿತು. ಮೇಲ್ಮನವಿಯಲ್ಲಿ ಅದು ದಂಡಕ್ಕೆ ಇಳಿಯಿತು. ಕೈತಪ್ಪಿಗೂ ಜೈಲು ಎಂದರೆ ಯಾರೂ ತಪ್ಪನ್ನು ಒಪ್ಪಿಕೊಳ್ಳುವುದಿಲ್ಲ, ಮುಚ್ಚಿಡುತ್ತಾರೆ ಎಂಬ ವಾದ ಎದ್ದು, 2018ರಲ್ಲಿ ಅಂಥ ತಪ್ಪುಗಳಿಗೆ ಕಾನೂನಿನ ರಕ್ಷಣೆ ಸಿಕ್ಕಿತು. ಪ್ರಾಮಾಣಿಕ ತಪ್ಪಿಗೆ ರಕ್ಷಣೆ ಕೊಟ್ಟಷ್ಟೂ ಬೇಕೆಂದೇ ಮಾಡುವ ತಪ್ಪಿಗೆ ಬಿಗಿಯಾಗುವುದು ಸುಲಭ.

36ನೇ ಕಲಮು ಹೇಳುವುದೇನು

1930ರಲ್ಲಿ ಸರ್ಕಾರ ಕರ್ನಲ್ ಆರ್.ಎನ್. ಚೋಪ್ರಾ ಅವರ ನೇತೃತ್ವದಲ್ಲಿ ಔಷಧ ವಿಚಾರಣಾ ಸಮಿತಿ ನೇಮಿಸಿತು. ಔಷಧದ ಗುಣಮಟ್ಟಕ್ಕೆ ಒಂದು ಕಾನೂನು, ಔಷಧ ಕೊಡುವವರಿಗೆ ಇನ್ನೊಂದು ಬೇಕು ಎಂಬ ಆಗಿನ ಆಲೋಚನೆಯಿಂದ ಹುಟ್ಟಿದ್ದು 1940ರ ಔಷಧ ಕಾಯ್ದೆ ಮತ್ತು 1948ರ ಫಾರ್ಮಸಿ ಕಾಯ್ದೆ. ರಾಜ್ಯಕ್ಕೊಂದು ಪರಿಷತ್ತು, ಪರಿಷತ್ತಿಗೊಂದು ರಿಜಿಸ್ಟರು ಎಂಬ ಏರ್ಪಾಡು ಈ ಎರಡನೆಯದರದು. ಪರಿಷತ್ತಿನಲ್ಲಿ ನೋಂದಾಯಿತ ಫಾರ್ಮಸಿಸ್ಟರೇ ಆರಿಸಿದ ಆರು ಮಂದಿ, ಸರ್ಕಾರ ನೇಮಿಸಿದ ಐವರು, ವೈದ್ಯಕೀಯ ಪರಿಷತ್ತಿನ ಒಬ್ಬರು, ಜೊತೆಗೆ ಆರೋಗ್ಯ ಮತ್ತು ಔಷಧ ನಿಯಂತ್ರಣದ ಮುಖ್ಯಸ್ಥರಂಥ ಪದನಿಮಿತ್ತ ಸದಸ್ಯರು ಇರುತ್ತಾರೆ.

ಶಿಸ್ತುಕ್ರಮದ ಬೇರು ಇರುವುದು ಈ ಕಾಯ್ದೆಯ 36ನೇ ಕಲಮಿನಲ್ಲಿ. ಮೂರು ಕಾರಣಕ್ಕೆ ಹೆಸರು ತೆಗೆಯಬಹುದು. ಒಂದು, ಸುಳ್ಳು ಹೇಳಿ ಅಥವಾ ಮುಖ್ಯ ಸಂಗತಿ ಮುಚ್ಚಿಟ್ಟು ಹೆಸರು ಸೇರಿಸಿಕೊಂಡಿದ್ದರೆ. ಎರಡು, ಅಪರಾಧ ಸಾಬೀತಾಗಿ ಶಿಕ್ಷೆಯಾಗಿದ್ದರೆ ಇಲ್ಲವೇ ವೃತ್ತಿಗೆ ಕಳಂಕ ತರುವಂತೆ ನಡೆದುಕೊಂಡಿದ್ದು, ಅದರಿಂದ ರಿಜಿಸ್ಟರಿನಲ್ಲಿರಲು ಯೋಗ್ಯರಲ್ಲ ಎಂದು ಕಾರ್ಯಕಾರಿ ಸಮಿತಿಗೆ ಅನ್ನಿಸಿದರೆ. ಮೂರನೆಯದನ್ನು ನಿಂತು ಓದಬೇಕು: ಫಾರ್ಮಸಿಸ್ಟ್ ಕೆಲಸಕ್ಕಿಟ್ಟುಕೊಂಡವರು ಅಥವಾ ಅವರ ಕೈಕೆಳಗೆ ದುಡಿಯುವವರು ಅಂಥ ತಪ್ಪು ಮಾಡಿದ್ದರೆ. ಹುಡುಗನ ತಪ್ಪಿಗೆ ಸುಮ್ಮಸುಮ್ಮನೆ ಫಾರ್ಮಸಿಸ್ಟ್ ತಲೆ ಕೊಡಬೇಕಿಲ್ಲ. ಅವರೇ ಕುಮ್ಮಕ್ಕು ಕೊಟ್ಟಿರಬೇಕು, ಕಂಡೂ ಕಾಣದಂತಿರಬೇಕು, ಹಿಂದಿನ 12 ತಿಂಗಳಲ್ಲಿ ಇಂಥದೇ ತಪ್ಪು ಆಗಿರಬೇಕು, ಅಥವಾ ಔಷಧ ಕಾಯ್ದೆ ಪಾಲನೆಯಾಗುವಂತೆ ನೋಡಿಕೊಳ್ಳುವಲ್ಲಿ ತಕ್ಕ ಎಚ್ಚರ ವಹಿಸಿರಬಾರದು. ಇದರಲ್ಲಿ ಯಾವುದಾದರೊಂದು ಸಾಬೀತಾಗಬೇಕು. "ನಾನು ಅಂಗಡಿಯಲ್ಲೇ ಇರಲಿಲ್ಲ" ಎಂಬ ಸಮಜಾಯಿಷಿ ಇಲ್ಲಿ ರಕ್ಷಣೆಯಾಗುವುದಿಲ್ಲ, ಎಚ್ಚರ ವಹಿಸಲಿಲ್ಲ ಎಂಬುದಕ್ಕೆ ಸಾಕ್ಷಿಯಾಗುತ್ತದೆ.

ಕಳಂಕ ತರುವ ನಡತೆ ಎಂದರೇನು ಎಂಬುದನ್ನು ಕಾಯ್ದೆ ಬಿಡಿಸಿ ಹೇಳಿರಲಿಲ್ಲ. ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿದ್ದು 2015ರ ಜನವರಿಯಲ್ಲಿ ಭಾರತೀಯ ಫಾರ್ಮಸಿ ಪರಿಷತ್ತು ಹೊರಡಿಸಿದ ಫಾರ್ಮಸಿ ಪ್ರಾಕ್ಟೀಸ್ ರೆಗ್ಯುಲೇಷನ್ಸ್. ಕೆಲಸ ಮಾಡುವ ಉದ್ದೇಶವಿಲ್ಲದೆ ಸರ್ಟಿಫಿಕೇಟನ್ನು ಅಂಗಡಿ ಮಾಲೀಕರಿಗೆ ಕೊಡುವುದು ದುರ್ನಡತೆ ಎಂದು ಅದರಲ್ಲಿ ನೇರವಾಗಿ ಬರೆದಿದೆ. ಪರಿಷತ್ತಿಗೆ ಬಂದ ದೂರನ್ನು ಆರು ತಿಂಗಳೊಳಗೆ ಇತ್ಯರ್ಥ ಮಾಡಬೇಕು ಎಂಬುದೂ ಅದರಲ್ಲೇ ಇದೆ.

ಆರೋಪ ಹೊತ್ತವರಿಗೂ ಕಾನೂನು ಕಾವಲು ಇಟ್ಟಿದೆ. ನೋಟಿಸ್ ಕೊಡಬೇಕು, ಅವರ ಮಾತು ಕೇಳಬೇಕು, ವಿಚಾರಣೆ ನಡೆಸಬೇಕು. ಕಾರ್ಯಕಾರಿ ಸಮಿತಿ ಹೆಸರು ತೆಗೆಯಲು ಆದೇಶಿಸಿದರೂ ಇಡೀ ಪರಿಷತ್ತು ಅದನ್ನು ದೃಢಪಡಿಸಬೇಕು. ದೃಢಪಡಿಸಿ ಮೂರು ತಿಂಗಳಾಗುವ ತನಕ ಆದೇಶ ಜಾರಿಗೆ ಬರುವುದಿಲ್ಲ. ತಿಳಿವಳಿಕೆ ಪತ್ರ ಕೈಸೇರಿದ 30 ದಿನದೊಳಗೆ ರಾಜ್ಯ ಸರ್ಕಾರಕ್ಕೆ ಮೇಲ್ಮನವಿ ಹೋಗಬಹುದು. ಇಷ್ಟೆಲ್ಲ ದಾಟಿ ಹೆಸರು ಹೋದರೆ ಸರ್ಟಿಫಿಕೇಟನ್ನು ರಿಜಿಸ್ಟ್ರಾರರಿಗೆ ಒಪ್ಪಿಸಬೇಕು, ಹೆಸರು ರಾಜ್ಯಪತ್ರದಲ್ಲಿ ಪ್ರಕಟವಾಗಬೇಕು. ಮುಂದೊಂದು ದಿನ ಸಕಾರಣವಿದ್ದರೆ ಹೆಸರು ಮರಳಿ ಸೇರಿಸುವ ಬಾಗಿಲನ್ನೂ 37ನೇ ಕಲಮು ತೆರೆದಿಟ್ಟಿದೆ. ಒಬ್ಬರ ಅನ್ನದ ವಿಚಾರವಾದ್ದರಿಂದ ಇಷ್ಟು ಮೆಟ್ಟಿಲು ಬೇಕೇ ಬೇಕು.

ಕಲಮಿದ್ದೂ ಕೆಲಸ ಸಾಗದ ಬಗೆ

ಹಾಗಾದರೆ ತೊಡಕು ಎಲ್ಲಿ? ಮೊದಲ ತೊಡಕು ಎರಡು ಕಚೇರಿಗಳ ನಡುವಿನ ಕಂದಕ. ಅಂಗಡಿಗೆ ಬರುವ ಡ್ರಗ್ ಇನ್ಸ್‌ಪೆಕ್ಟರು ಔಷಧ ನಿಯಂತ್ರಣ ಇಲಾಖೆಯವರು. ಫಾರ್ಮಸಿಸ್ಟ್ ಇಲ್ಲದ್ದು ಕಂಡರೆ 66ನೇ ನಿಯಮದ ಪ್ರಕಾರ ಲೈಸೆನ್ಸ್ ಅಮಾನತು ಅಥವಾ ರದ್ದಿಗೆ ಕ್ರಮವಾಗುತ್ತದೆ. ಆ ನಿಯಮ ಲೈಸೆನ್ಸಿನ ಬಗ್ಗೆ ಮಾತಾಡುತ್ತದೆಯೇ ಹೊರತು ಗೋಡೆಯ ಮೇಲಿನ ಹೆಸರಿನ ಬಗ್ಗೆ ಅಲ್ಲ. ಹೆಸರಿನ ಮೇಲೆ ಅಧಿಕಾರವಿರುವುದು ಬೆಂಗಳೂರಿನಲ್ಲಿರುವ ಪರಿಷತ್ತಿಗೆ. ಸರ್ಕಾರದ ಒಪ್ಪಿಗೆ ಪಡೆದು ತನ್ನದೇ ಇನ್ಸ್‌ಪೆಕ್ಟರುಗಳನ್ನು ನೇಮಿಸಿಕೊಳ್ಳಲು, ಲಿಖಿತ ದೂರುಗಳ ತನಿಖೆ ಮಾಡಿಸಲು ಕಾಯ್ದೆಯ 26ಎ ಕಲಮು ಅದಕ್ಕೆ ಅವಕಾಶ ಕೊಟ್ಟಿದೆ. ಆದರೂ ಗೌರಿಬಿದನೂರಿನ ಅಂಗಡಿಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬುದು ದಿನಾ ಕಾಣುವುದು ಗೌರಿಬಿದನೂರಿನವರಿಗೇ. ಅವರು ಬರೆದು ತಿಳಿಸದಿದ್ದರೆ ಬೆಂಗಳೂರಿಗೆ ಗೊತ್ತಾಗುವುದು ಹೇಗೆ?

ಎರಡನೆಯ ತೊಡಕು ಶಿಕ್ಷೆಯ ತೂಕ. ಬ್ರಿಟನ್ನಿನ ಜನರಲ್ ಫಾರ್ಮಸ್ಯೂಟಿಕಲ್ ಕೌನ್ಸಿಲ್ ಎಚ್ಚರಿಕೆ ಕೊಡಬಹುದು, ಷರತ್ತು ಹಾಕಬಹುದು, 12 ತಿಂಗಳವರೆಗೆ ಅಮಾನತು ಮಾಡಬಹುದು, ಕೊನೆಗೆ ಹೆಸರು ತೆಗೆಯಬಹುದು. ತೀರ್ಪುಗಳು ಯಾರು ಬೇಕಾದರೂ ಓದುವಂತೆ ಪ್ರಕಟವಾಗುತ್ತವೆ. ನಮ್ಮ 36ನೇ ಕಲಮಿಗೆ ಗೊತ್ತಿರುವುದು ಹೆಸರು ತೆಗೆಯುವುದೊಂದೇ, ಶಾಶ್ವತವಾಗಿ ಅಥವಾ ಇಂತಿಷ್ಟು ಕಾಲಕ್ಕೆ. 2015ರ ರೆಗ್ಯುಲೇಷನ್ಸ್ ಸೂಕ್ತ ಕಂಡ ಶಿಕ್ಷೆ ಎಂದಿದ್ದರೂ ಮೆಟ್ಟಿಲುಗಳನ್ನು ಕಟ್ಟಿಕೊಟ್ಟಿಲ್ಲ. ದೊಡ್ಡ ಕೊಡಲಿಯೊಂದೇ ಕೈಯಲ್ಲಿದ್ದರೆ ಮುಳ್ಳುಕಂಟಿ ಕಡಿಯಲು ಯಾರೂ ಅದನ್ನು ಎತ್ತುವುದಿಲ್ಲ. ಸಣ್ಣ ತಪ್ಪಿಗೆ ಸಣ್ಣ ಶಿಕ್ಷೆ ಇಲ್ಲದ ಕಡೆ ಸಣ್ಣ ತಪ್ಪು ಹಾಗೇ ಉಳಿದು ದೊಡ್ಡದಾಗುತ್ತದೆ. ತೀರ್ಪು ಕೊಡುವವರಲ್ಲಿ ಫಾರ್ಮಸಿಸ್ಟರ ವೋಟಿನಿಂದ ಗೆದ್ದುಬಂದವರೂ ಇರುತ್ತಾರೆ. ವಕೀಲರಿಗೂ ಡಾಕ್ಟರಿಗೂ ಇರುವ ಸಂಕಟವೇ ಇದು. ಕಲಾಪ ಬಹಿರಂಗವಾದಷ್ಟೂ ಈ ಅನುಮಾನ ಕಡಿಮೆಯಾಗುತ್ತದೆ.

ಮೂರನೆಯದು ಗಡಿ. ಗೌರಿಬಿದನೂರಿಗೆ ಆಂಧ್ರದ ಹಿಂದೂಪುರ ಹತ್ತಿರ, ಚಿಂತಾಮಣಿಯವರಿಗೆ ಮದನಪಲ್ಲಿ ದೂರವಲ್ಲ. ಮಾತು, ವ್ಯಾಪಾರ, ನೆಂಟಸ್ತನ ಯಾವುದಕ್ಕೂ ಇಲ್ಲಿ ಗಡಿ ಇಲ್ಲ, ರಿಜಿಸ್ಟರಿಗೆ ಇದೆ. ಆಂಧ್ರದಲ್ಲಿ ನೋಂದಾಯಿಸಿಕೊಂಡವರು ಕರ್ನಾಟಕದ ಅಂಗಡಿಯಲ್ಲಿ ಕೆಲಸ ಮಾಡಬೇಕಾದರೆ ಕರ್ನಾಟಕದ ರಿಜಿಸ್ಟರಿನಲ್ಲಿ ಹೆಸರಿರಬೇಕು. ಒಂದು ರಾಜ್ಯದಲ್ಲಿ ತೆಗೆದ ಹೆಸರು ಇನ್ನೊಂದು ರಾಜ್ಯದಲ್ಲಿ ತಲೆ ಎತ್ತದಿರಲು ದೆಹಲಿಯಲ್ಲಿ ಕೇಂದ್ರ ರಿಜಿಸ್ಟರ್ ಇದೆ. ರಾಜ್ಯಗಳು ತಮ್ಮ ಆದೇಶಗಳನ್ನು ಹೊತ್ತಿಗೆ ಸರಿಯಾಗಿ ಅಲ್ಲಿಗೆ ಮುಟ್ಟಿಸಿದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ.

ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಮಹಾರಾಷ್ಟ್ರ ಉದಾಹರಣೆ. ಅಲ್ಲಿ ಆಹಾರ ಮತ್ತು ಔಷಧ ಆಡಳಿತದ ಆಯುಕ್ತರಾಗಿದ್ದ ಮಹೇಶ್ ಝಗಡೆ, 2012ರ ಸುಮಾರಿಗೆ, ಫಾರ್ಮಸಿಸ್ಟ್ ಇಲ್ಲದ ಅಂಗಡಿಗಳ ಮೇಲೆ ಬಿಗಿ ಕ್ರಮಕ್ಕೆ ಇಳಿದರು. ಔಷಧ ವ್ಯಾಪಾರಿಗಳು ಅಂಗಡಿ ಮುಚ್ಚಿ ಮುಷ್ಕರ ಹೂಡಿದರು. ಇಂಥ ಒತ್ತಡ ಎಲ್ಲ ಕಡೆ ಇರುತ್ತದೆ. ನಕಲಿ ಫಾರ್ಮಸಿಸ್ಟರ ಬಗ್ಗೆ ಬಿಹಾರದ ಮುಕೇಶ್ ಕುಮಾರ್ ಎಂಬವರು ಹೂಡಿದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2022ರ ನವೆಂಬರಿನಲ್ಲಿ ಖಡಾಖಂಡಿತವಾಗಿ ಮಾತಾಡಿತು. ಆಸ್ಪತ್ರೆ, ಮೆಡಿಕಲ್ ಸ್ಟೋರುಗಳು ನೋಂದಾಯಿತ ಫಾರ್ಮಸಿಸ್ಟರಿಂದಲೇ ನಡೆಯುವಂತೆ ನೋಡಿಕೊಳ್ಳುವುದು ರಾಜ್ಯ ಸರ್ಕಾರ ಮತ್ತು ಫಾರ್ಮಸಿ ಪರಿಷತ್ತು ಇಬ್ಬರ ಹೊಣೆಯೂ ಹೌದು ಎಂದು ನ್ಯಾಯಮೂರ್ತಿಗಳಾದ ಎಂ.ಆರ್. ಶಾ ಮತ್ತು ಎಂ.ಎಂ. ಸುಂದರೇಶ್ ಅವರ ಪೀಠ ಹೇಳಿ, ಪ್ರಕರಣವನ್ನು ಹೈಕೋರ್ಟಿಗೆ ವಾಪಸ್ ಕಳಿಸಿತು. ನೋಂದಣಿ ಇಲ್ಲದವರು ಚೀಟಿಯ ಔಷಧ ಕೊಟ್ಟರೆ ಫಾರ್ಮಸಿ ಕಾಯ್ದೆಯ 42ನೇ ಕಲಮಿನಲ್ಲಿ ಮೊದಲಿದ್ದ ಸಾವಿರ ರೂಪಾಯಿ ದಂಡದ ಮಿತಿಯನ್ನು 2023ರ ಜನ ವಿಶ್ವಾಸ್ ಕಾಯ್ದೆ ಲಕ್ಷದ ಮಟ್ಟಕ್ಕೆ ಏರಿಸಿದೆ. ಈ ದಂಡ ಬೀಳುವುದು ಕೌಂಟರಿನಲ್ಲಿ ನಿಂತವರಿಗೆ. ಸರ್ಟಿಫಿಕೇಟು ಕೊಟ್ಟವರನ್ನು ತಟ್ಟಬೇಕಾದರೆ ಮತ್ತೆ 36ಕ್ಕೇ ಬರಬೇಕು.

ದೂರು ಕೊಡುವವರಿಗೆ

ದೂರು ಕೊಡಲು ವಕೀಲರು ಬೇಕಿಲ್ಲ. ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತಿನ ರಿಜಿಸ್ಟ್ರಾರರಿಗೆ ಕನ್ನಡದಲ್ಲೇ ಒಂದು ಪತ್ರ ಸಾಕು. ಅದರಲ್ಲಿ ಅಂಗಡಿಯ ಹೆಸರು, ದಿನಾಂಕ, ಹೊತ್ತು, ಕೊಟ್ಟ ಔಷಧ, ಗೋಡೆಯ ಸರ್ಟಿಫಿಕೇಟಿನಲ್ಲಿರುವ ಹೆಸರು ಮತ್ತು ನೋಂದಣಿ ಸಂಖ್ಯೆ ಇರಲಿ. ಬಿಲ್ಲಿನ ಪ್ರತಿ ಲಗತ್ತಿಸಿ. ಅದರ ಮೇಲಿನ ಸಹಿ ಯಾರದು ಎಂಬ ಒಂದು ಪ್ರಶ್ನೆಯಿಂದಲೇ ವಿಚಾರಣೆ ಆರಂಭವಾಗಬಹುದು. ಹಾಗಾಗಿ ಎಷ್ಟೇ ಅವಸರವಿದ್ದರೂ ಬಿಲ್ ಕೇಳಿ ಪಡೆಯಿರಿ. ಕಂಡದ್ದನ್ನಷ್ಟೇ ಬರೆಯಿರಿ, ಊಹೆ ಬೇಡ. ಫಾರ್ಮಸಿಸ್ಟ್ ನಿಜಕ್ಕೂ ಊಟಕ್ಕೇ ಹೋಗಿದ್ದಿರಬಹುದು. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ನೋಡಿದ್ದರೆ ದೂರಿಗೆ ಬಲ ಬರುತ್ತದೆ. ಪತ್ರದ ಇನ್ನೊಂದು ಪ್ರತಿ ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರಿಗೂ ಹೋಗಲಿ.

ಡಿ ಫಾರ್ಮಾ, ಬಿ ಫಾರ್ಮಾ ಮುಗಿಸಿ ಮನೆಯಲ್ಲಿ ಕೂತ ನಮ್ಮ ಹುಡುಗ ಹುಡುಗಿಯರಿಗೂ ಒಂದು ಮಾತು. ಸಣ್ಣ ಊರಿನ ಅಂಗಡಿ ಕೊಡುವ ಸಂಬಳ ಕಡಿಮೆ ಎಂಬುದು ನಿಜ. ಕೂತಲ್ಲೇ ತಿಂಗಳಿಗೊಂದಿಷ್ಟು ಬರುತ್ತದೆ ಎಂದು ಸರ್ಟಿಫಿಕೇಟು ಕೊಟ್ಟರೆ, ನೀವು ಮುಖ ನೋಡದ ಗಿರಾಕಿಗೆ ನೀವು ಮುಟ್ಟದ ಮಾತ್ರೆಯಿಂದ ಆಗುವ ಹಾನಿಗೂ ನಿಮ್ಮದೇ ಹೆಸರು. ಒಬ್ಬೊಬ್ಬರು ಹೀಗೆ ಹೆಸರು ಬಿಟ್ಟುಕೊಟ್ಟಾಗಲೂ ನಿಮ್ಮ ಜೊತೆ ಓದಿದ ಒಬ್ಬರಿಗೆ ನಿಜವಾದ ಕೆಲಸವೊಂದು ತಪ್ಪುತ್ತದೆ.

ಸರ್ಕಾರದಿಂದ ಆಗಬೇಕಾದದ್ದು ದೊಡ್ಡ ಸುಧಾರಣೆಯೇನಲ್ಲ. ಫಾರ್ಮಸಿಸ್ಟ್ ಗೈರುಹಾಜರಿಗಾಗಿ ಲೈಸೆನ್ಸ್ ಅಮಾನತು ಮಾಡಿದ ಪ್ರತಿ ಆದೇಶದ ಕೊನೆಯಲ್ಲಿ ಪ್ರತಿಗಳು ಯಾರ್ಯಾರಿಗೆ ಎಂಬ ಪಟ್ಟಿ ಇರುತ್ತದೆ. ಅದರಲ್ಲಿ ಫಾರ್ಮಸಿ ಪರಿಷತ್ತಿನ ರಿಜಿಸ್ಟ್ರಾರರ ಹೆಸರನ್ನು ಕಡ್ಡಾಯ ಮಾಡಿ, ಆ ಪ್ರತಿಯನ್ನೇ ದೂರು ಎಂದು ಪರಿಷತ್ತು ದಾಖಲಿಸಿಕೊಳ್ಳಲಿ. ಆರು ತಿಂಗಳಿಗೊಮ್ಮೆ ಜಿಲ್ಲಾವಾರು ಎಷ್ಟು ದೂರು ಬಂದವು, ಎಷ್ಟು ಇತ್ಯರ್ಥವಾದವು, ಯಾರ ಹೆಸರು ಹೋಯಿತು, ಯಾರು ನಿರ್ದೋಷಿ ಎಂದು ತೀರ್ಮಾನವಾಯಿತು ಎಂಬುದನ್ನು ಕನ್ನಡದಲ್ಲಿ ಪ್ರಕಟಿಸಲಿ. ಇಷ್ಟಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಒಂದು ಸುತ್ತೋಲೆ ಸಾಕು.